ಸುರಮಾ ಹಚ್ಚಿದ ಕಾರು

ನನ್ನ ಮುದಿ ಪದ್ಮಿನಿ ಕಾರಿಗೆ ಡೆಂಟಿಂಗ್ ಮಾಡುವ ಮಿಯಾಂನ ಶೆಡ್ಡು ಹೈದರಾಬಾದಿನ ಕಾಚಿಗುಡದ ಒಂದು ಗಲ್ಲಿಯೊಳಗಿದೆ. ಗೋಡೆಯಲ್ಲಿ ಒಂದು ಕ್ಯಾಲೆಂಡರು. ಹನ್ನೊಂದು ತಿಂಗಳು ಯಾವ ಕಾಲಕ್ಕೋ ಹರಿದುಹೋಗಿ, ಡಿಸೆಂಬರ್ ಮಾತ್ರ ವರ್ಷಗಳಿಂದ ನಿಂತಿದೆ. ಕಾರಣ, ಅದರ ಮೇಲಿರುವ ಲ್ಯಾಂಬೊರ್ಗಿನಿ ಮಿಯುರಾ. ಮೊನ್ನೆ ಮಿಯಾಂ ಸುತ್ತಿಗೆ ಕೆಳಗಿಟ್ಟು, "ದೇಖೋ ಸಾಬ್, ಸುರಮಾ ಲಗಾಕೆ ಬೈಠೀ ಹೈ" ಅಂದ.

ಹೌದಲ್ಲ, ಕಣ್ಣಿಗೆ ಕಾಡಿಗೆ ಹಚ್ಚಿಕೊಂಡೇ ಕೂತಿದೆ! ದೀಪ ಹಚ್ಚದಿದ್ದಾಗ ಅದರ ಕಣ್ಣುಗಳು ಬಾನೆಟ್ಟಿನ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಿರುತ್ತವೆ. ಮೇಲೂ ಕೆಳಗೂ ಕಪ್ಪು ರೆಪ್ಪೆಗೂದಲಿನ ಸಾಲು. ಸ್ವಿಚ್ಚು ಒತ್ತಿದರೆ ಕಣ್ಣು ಮೆಲ್ಲಗೆ ಮೇಲೇಳುತ್ತದೆ. ಟ್ರ್ಯಾಕ್ಟರ್ ಮಾಡುತ್ತಿದ್ದ ಲ್ಯಾಂಬೊರ್ಗಿನಿ ಮನೆಯಿಂದ ಇಂಥ ವಯ್ಯಾರಿ ಹೊರಟಿದ್ದು 1966ರಲ್ಲಿ, ಜಿನೀವಾದ ಪ್ರದರ್ಶನಕ್ಕೆ. ಮೈಕಟ್ಟನ್ನು ರೂಪಿಸಿದ್ದು ಬೆರ್ತೋನೆ ಕಾರ್ಖಾನೆಯ ಮಾರ್ಚೆಲ್ಲೊ ಗಾಂದಿನಿ. ಆಗ ಅವನಿಗೆ 27 ವರ್ಷ. ಆ ವಯಸ್ಸಿನಲ್ಲಿ ನಾನು ಅಬಿಡ್ಸ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಪುಸ್ತಕಕ್ಕೆ ಚೌಕಾಸಿ ಮಾಡುತ್ತಿದ್ದೆ. ಮಿಯುರಾ ಅನ್ನುವ ಹೆಸರು ಬಂದದ್ದು ಸ್ಪೇನಿನಲ್ಲಿ ಕಾಳಗದ ಹೋರಿ ಸಾಕುತ್ತಿದ್ದ ಮನೆತನದಿಂದ. ಹೋರಿಯ ಹೆಸರು, ಹೆಣ್ಣಿನ ರೆಪ್ಪೆ; ಇಟಲಿಯವರಿಗೆ ಇದರಲ್ಲಿ ಎಡವಟ್ಟೇನೂ ಕಂಡಿಲ್ಲ.

ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ ಅಡ್ಡಡ್ಡ ಮಲಗಿಸಿದ್ದಾರೆ. ಅದಕ್ಕೆ ಉಸಿರಾಡಲು ಹಿಂಬದಿಗೆ ಕಪ್ಪು ಪಟ್ಟಿಗಳ ಮುಚ್ಚಿಗೆ, ಥೇಟು ಇಲ್ಲಿಯ ಹಳೆ ದೇವಡಿ ಬಂಗಲೆಗಳ ಕಿಟಕಿಯ ಹಾಗೆ. ಒಳಗಿನವರಿಗೆ ಹೊರಗಿನದು ಅಷ್ಟಿಷ್ಟು ಕಾಣುತ್ತದೆ, ಹೊರಗಿನವರಿಗೆ ಏನೂ ಕಾಣದು. ಎತ್ತರ ಸುಮಾರು 41 ಅಂಗುಲ. ನಮ್ಮ ಗಲ್ಲಿಯ ಮೊದಲನೇ ಸ್ಪೀಡ್‌ಬ್ರೇಕರಿನ ಮೇಲೆ ಅದು ತೂಗುತೊಟ್ಟಿಲಾಗಿ ನಿಂತುಬಿಡುತ್ತದೆ.

ವಿಚಿತ್ರ ಕಾರು ನೋಡಲು ಇಟಲಿಗೇ ಹೋಗಬೇಕಿಲ್ಲ. ಇದೇ ಊರಿನ ಬಹದ್ದೂರ್‌ಪುರದಲ್ಲಿ, ಝೂ ಪಾರ್ಕಿನ ಬಳಿ, ಸುಧಾಕರ್ ಅವರ ಕಾರು ಮ್ಯೂಸಿಯಮ್ ಇದೆ. ಅವರು 2005ರಲ್ಲಿ ಕಟ್ಟಿದ ಮೂರು ಗಾಲಿಯ ಸೈಕಲ್ಲಿನ ಎತ್ತರ 41 ಅಡಿ 7 ಅಂಗುಲ, ಗಿನ್ನೆಸ್ ದಾಖಲೆ. ಅಲ್ಲಿ ಬದನೆಕಾಯಿ ಕಾರಿದೆ, ಬೂಟಿನ ಕಾರಿದೆ, ಕ್ರಿಕೆಟ್ ಬ್ಯಾಟಿನ ಕಾರೂ ಇದೆ. ಗಾಂದಿನಿ ಕಾರಿನೊಳಗೆ ಹೋರಿಯನ್ನು ಬಚ್ಚಿಟ್ಟ. ಸುಧಾಕರ್ ಬದನೆಕಾಯಿಯೊಳಗೆ ಕಾರನ್ನು ಬಚ್ಚಿಟ್ಟರು. ನೇರಳೆ ಮೈ, ಹಸಿರು ತೊಟ್ಟು ನೋಡಿದವರಿಗೆ ಎರಡನೆಯದೇ ಹೆಚ್ಚಿನ ಧೈರ್ಯ ಅನ್ನಿಸೀತು. ನನಗಂತೂ ಅನ್ನಿಸಿದೆ. ಎಣ್ಣೆಗಾಯಿ ಪ್ರಿಯನಾದ್ದರಿಂದ ನನ್ನ ತೀರ್ಪಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ.

ಇದೇ ಊರಿನ ಚೌಮಹಲ್ಲಾ ಅರಮನೆಯಲ್ಲಾದರೋ ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ನಿಂತಿದೆ. ಅದರ ಹಿಂದಿನ ಸೀಟು ಸಾಕ್ಷಾತ್ ಸಿಂಹಾಸನ. ಅಲ್ಲಿ ಕಾರು ಅನ್ನುವುದು ದರ್ಬಾರಿಗೆ ಹಾಕಿದ ಗಾಲಿ ಅಷ್ಟೆ.

ಇನ್ನು ನನ್ನ ಪದ್ಮಿನಿ. ಇವಳೂ ಇಟಲಿಯ ಫಿಯೆಟ್ ಮನೆಯ ಮಗಳು, ಬೊಂಬಾಯಿಯ ಕುರ್ಲಾದಲ್ಲಿ ಬೆಳೆದವಳು. ಸಂಬಂಧ ಅಷ್ಟಕ್ಕೇ ಮುಗಿಯಲಿಲ್ಲ. ಮಿಯುರಾದ ಆ ಕಣ್ಣುದೀಪಗಳು ಫಿಯೆಟ್ 850 ಸ್ಪೈಡರಿನಿಂದ ಎರವಲು ತಂದವು! ಇದನ್ನು ತಿಳಿಸಿದ್ದೇ ತಡ, ಮಿಯಾಂ ಕಪ್ಪು ಪೇಂಟಿನ ಡಬ್ಬಿ ಕೈಗೆತ್ತಿಕೊಂಡ. "ಖಾನ್‌ದಾನ್ ಒಂದೇ ಅಂದಮೇಲೆ ಇವಳಿಗೂ ಎರಡು ಗೆರೆ ಎಳೀಲಾ?"

ನಾನು ಹೂಂ ಅನ್ನುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿ ತರಕಾರಿ ಚೀಲ ಹಿಡಿದು ಕೂತಿದ್ದ ನನ್ನ ಹೆಂಡತಿ ಕಿಟಕಿ ಇಳಿಸಿದಳು.

"ರೀ, ನಿನ್ನೆ ರಾತ್ರಿ ಎಮ್ಮೆ ಕಾಣದೆ ಗುದ್ದಿದ್ದು ಮರೆತುಹೋಯ್ತಾ? ಇದಕ್ಕೆ ಬೇಕಾಗಿರೋದು ಕಾಡಿಗೆ ಅಲ್ಲ, ಕನ್ನಡಕ."