ಐದು ವ್ಯಾಟಿನ ತಾತ್ಯಾ

ನಮ್ಮೂರಿಗೆ ಯಾರೂ ‘ಲೇ’ ಅನ್ನಬಾರದು. ತಾತ್ಯಾರ ಜೀವನದ ಹೋರಾಟ ಇದೊಂದೇ. ನಾಸಿಕ ಜಿಲ್ಲೆಯಲ್ಲಿ ಮಾಲೇಗಾಂವ ಅಂತ ದೊಡ್ಡ ಪಟ್ಟಣವಿದೆ, ಮಗ್ಗಗಳ ಊರು, ಪೇಪರಿನಲ್ಲಿ ಆಗಾಗ ಬರುವ ಊರು. ನಮ್ಮದು ಮಾಲಗಾಂವ. ಮಿರಜಿನಲ್ಲಿ ಬಸ್ಸು ಹತ್ತಿ ಎಲೆ ಹಾಕಿಕೊಂಡರೆ ಉಗುಳುವ ಹೊತ್ತಿಗೆ ಬಂದುಬಿಡುತ್ತದೆ. ಪೇಪರಿನಲ್ಲಿ ಬಂದರೂ ಆ ಎಲೆಯ ದರದ ಜೊತೆಗೇ ಬರುತ್ತದೆ. ಎರಡೂ ಊರಿನ ನಡುವೆ ನೇರ ಗೆರೆ ಎಳೆದರೂ ನಾಲ್ಕುನೂರು ಕಿಲೋಮೀಟರ್. ಆದರೂ ರಾತ್ರಿ ಒಂಬತ್ತರ ಮೇಲೆ ಮಾಳಿಗೆಯ ಖೋಲಿಯಲ್ಲಿ ಕೂತು ತಾತ್ಯಾ ಊರಿನ ಹೆಸರು ಹೇಳಿದರೆ, ಆ ಕಡೆ ಶ್ರೀಲಂಕೆಯವನಿರಲಿ ಓಮಾನದವನಿರಲಿ, ಬರುವ ಉತ್ತರ ಒಂದೇ: “ರೋಜರ್, ಮಾಲೇಗಾಂವ್.”

“ಲೇ ಅಲ್ಲೋ ಮಾರಾಯಾ, ಲ! ಲ!” ಅಂತ ತಾತ್ಯಾ ಮೈಕು ಬಿಟ್ಟು ಕನ್ನಡದಲ್ಲೇ ಒದರುತ್ತಾರೆ. ಒದರಿ ಏನು ಬಂತು? ಅವರ ರೇಡಿಯೋದ ತಾಕತ್ತು ಐದು ವ್ಯಾಟ್. ದೇವರ ಕೋಣೆಯ ಝೀರೋ ಬಲ್ಬಿಗೂ ಕಡಿಮೆ.

ಲೈಸೆನ್ಸು ಪಡೆದ ಹವ್ಯಾಸಿ ರೇಡಿಯೋದವರಿಗೆ ಹ್ಯಾಮ್ ಅನ್ನುತ್ತಾರೆ. ಆ ಹ್ಯಾಮುಗಳಲ್ಲೂ ಒಳಪಂಗಡಗಳಿವೆ. ಒಂದು ಪಂಗಡದವರು ನೂರು ವ್ಯಾಟು, ನಾಲ್ಕುನೂರು ವ್ಯಾಟು ಅಂತ ಜಾತ್ರೆಯ ಧ್ವನಿವರ್ಧಕದವರ ಹಾಗೆ ಮಾತಾಡುತ್ತಾರೆ. ಇನ್ನೊಂದು ಪಂಗಡಕ್ಕೆ ಕ್ಯೂಆರ್‌ಪಿ ಅಂತ ಹೆಸರು. ತಂತಿಯ ಸಂಕೇತ ಭಾಷೆಯಲ್ಲಿ ಅದು ಒಂದು ಪ್ರಶ್ನೆ: ಶಕ್ತಿ ಕಡಿಮೆ ಮಾಡಲೇ? ಇವರು ಮಾಡಿಯೇ ಬಿಟ್ಟವರು. ಐದು ವ್ಯಾಟಿನ ಮೇಲೆ ಹೋಗುವುದಿಲ್ಲ ಅಂತ ವ್ರತ ಹಿಡಿದವರು. ಏಕಾದಶಿ ಮಾಡುವವರು ತಾವು ಏನೇನು ತಿನ್ನಲಿಲ್ಲ ಅಂತ ದಿನವಿಡೀ ಹೇಳಿಕೊಂಡು ತಿರುಗುತ್ತಾರಲ್ಲ, ಅದೇ ಜಾತಿಯ ಹೆಮ್ಮೆ.

ತಮಾಷೆಯೆಂದರೆ ತಾತ್ಯಾ ನೌಕರಿಯಿದ್ದಾಗ ಕರೆಂಟಿನ ಖಾತೆಯಲ್ಲಿ ವಾಯರಮನ್. ಮೂವತ್ತು ವರ್ಷ ಹನ್ನೊಂದು ಸಾವಿರ ವೋಲ್ಟಿನ ತಂತಿಯ ಕೆಳಗೆ ಓಡಾಡಿದವರು. ಆಗ ಅವರು ವಿದ್ಯುತ್ತಿನ ಬಗ್ಗೆ ಒಂದು ಮಾತೂ ಆಡಿದವರಲ್ಲ. ನಿವೃತ್ತರಾಗಿ ಐದು ವ್ಯಾಟಿಗೆ ಇಳಿದ ಮೇಲೆ ಬಾಯಿ ಬಿಚ್ಚಿದ್ದು ಇನ್ನೂ ಮುಚ್ಚಿಲ್ಲ. “ನೂರು ವ್ಯಾಟಿನಿಂದ ಐದಕ್ಕ ಬಂದ್ರ ತಾಕತ್ತು ಇಪ್ಪತ್ತು ಪಟ್ಟು ಇಳೀತು. ಖರೇನೋ ಇಲ್ಲೋ? ಆದ್ರ ಕೇಳಾಂವನ ಮೀಟರಿನಾಗ ಮುಳ್ಳು ಎಷ್ಟು ಇಳೀತದ? ಎರಡು ಗೀಟು. ಬರೇ ಎರಡು ಗೀಟು!” ಲೆಕ್ಕ ಸರಿಯೇ. ಇಪ್ಪತ್ತು ಪಟ್ಟೆಂದರೆ ಹದಿಮೂರು ಡೆಸಿಬೆಲ್. ಮೀಟರಿನ ಒಂದೊಂದು ಗೀಟಿಗೆ ಆರು ಡೆಸಿಬೆಲ್. ಆದರೆ ಈ ಲೆಕ್ಕವನ್ನು ಮದುವೆಯ ಪಂಗತಿಯಲ್ಲೂ ಹೇಳಿ, ಮಣ್ಣಿಗೆ ಹೋದಲ್ಲೂ ಹೇಳಿದರೆ ಹೇಗೆ?

ಹೈದರಾಬಾದಿನ ಅಶರ್ ಫರ್ಹಾನ್ ಎಂಬ ಹ್ಯಾಮ್ 2003-04ರ ಸುಮಾರಿಗೆ ಬಿಟ್‌ಎಕ್ಸ್ ಎಂಬ ರೇಡಿಯೋದ ನಕ್ಷೆ ಬಿಡಿಸಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಅಂತ ಹಂಚಿಬಿಟ್ಟರು. ವಿದೇಶಿ ಸೆಟ್ಟಿಗೆ ಮೋಟರ್‌ಸೈಕಲ್ಲಿನ ಬೆಲೆ ಕೊಡಲಾಗದವರ ಪಾಲಿಗೆ ಅದು ವರ. ತಾತ್ಯಾ ಕಟ್ಟಿದ್ದೂ ಅದನ್ನೇ. ಕೇಳುವ ಮಾತೂ ಹೇಳುವ ಮಾತೂ ಒಂದೇ ಸೋಸಣಿಗೆಯಿಂದ ಹಾಯಬೇಕು, ಬರುವಾಗ ಈ ಕಡೆಯಿಂದ, ಹೋಗುವಾಗ ಆ ಕಡೆಯಿಂದ. ನಮ್ಮ ಹಳೆಯ ಮನೆಗಳ ತಲಬಾಗಿಲ ಹಾಗೆ. ಸೋಸಣಿಗೆಯೆಂದರೆ ಹತ್ತು ಮೆಗಾಹರ್ಟ್ಸಿನ ನಾಲ್ಕು ಹರಳು. ತಾತ್ಯಾ ಒಂದು ಡಜನ್ ತಂದು, ಜಾತಕ ಕೂಡಿಸುವವರಂತೆ ಒಂದೊಂದನ್ನೇ ಅಳೆದು, ಒಂದಕ್ಕೊಂದು ಒಪ್ಪುವ ನಾಲ್ಕನ್ನು ಆರಿಸಿದರು. ಉಳಿದ ಎಂಟು ಇವತ್ತಿಗೂ ಕುಂಕುಮದ ಬಟ್ಟಲಿನಲ್ಲಿವೆ.

ಅನಾಹುತ ಶುರುವಾದದ್ದು ಸುರುಳಿಗಳಿಂದ. ಸುರುಳಿ ಸುತ್ತಲು ಟೊರಾಯ್ಡ್ ಎಂಬ ಉಂಗುರ ಬೇಕು, ಅದು ಹಳ್ಳಿಯಲ್ಲಿ ಎಲ್ಲಿ ಸಿಗಬೇಕು? ಫರ್ಹಾನರ ನಕ್ಷೆಯಲ್ಲೇ ಅದಕ್ಕೆ ಉಪಾಯವಿತ್ತು: ನಳದ ವಾಯಸರು ಸಾಕು. ಹೌದು, ನೀರಿನ ನಳದೊಳಗಿನ ವಾಯಸರು. ಓದಿದ ಐದು ನಿಮಿಷಕ್ಕೆ ತಾತ್ಯಾ ಹಿತ್ತಲಿನ ನಳ ಬಿಚ್ಚಿದರು. ವಾಯಸರು ರೇಡಿಯೋಕ್ಕೆ ಸೇರಿತು. ನಳ ಅಂದಿನಿಂದ ಹನಿಯುತ್ತಿದೆ. ಅಂಗಡಿಯಲ್ಲಿ ನಾಲ್ಕಾಣೆಯ ಸಾಮಾನು ಅದು. ಆದರೆ ಅಂಗಡಿಗೆ ಹೋದಾಗಲೆಲ್ಲ ತಾತ್ಯಾ ತಂದದ್ದು ರೇಡಿಯೋಕ್ಕೆ ಸರಿಹೊಂದುವ ಅಳತೆಯನ್ನೇ, ನಳಕ್ಕೆ ಹೊಂದುವುದನ್ನಲ್ಲ.

ತಂತಿ ಮೋಟರ್ ರಿವೈಂಡಿಂಗ್ ಅಂಗಡಿಯದು. ನಮ್ಮ ಕಡೆ ಬೇಸಿಗೆಯಲ್ಲಿ ಬಾವಿ ಬತ್ತಿ ಪಂಪು ಸುಡುತ್ತವೆ, ತಾಮ್ರದ ತುಣುಕಿಗೆ ಬರವಿಲ್ಲ. ಸುತ್ತುವ ಕೈ ಮಾತ್ರ ತಾತ್ಯಾರದಲ್ಲ. ಅವರು ಹದಿನೇಳನೆಯ ಸುತ್ತಿಗೆ ಬರುವಷ್ಟರಲ್ಲಿ ಯಾರಿಗಾದರೂ ಏನನ್ನಾದರೂ ವಿವರಿಸಬೇಕಾಗಿ ಬರುತ್ತದೆ, ಲೆಕ್ಕ ತಪ್ಪುತ್ತದೆ. ಅವರ ಹೆಂಡತಿ, ನಮ್ಮ ಕಾಕು, ಎಲೆತೋಟದ ಮನೆಯ ಮಗಳು. ಕವಳಿ ಕಟ್ಟುವಾಗ ಓಣಿಯ ಸುದ್ದಿ ಅಷ್ಟೂ ಮಾತಾಡಿ ಮುಗಿಸಿದರೂ ಒಂದು ಎಲೆ ಹೆಚ್ಚಿಲ್ಲ, ಒಂದು ಎಲೆ ಕಡಿಮೆಯಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ವಾಯಸರನ್ನು ಎಡಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು, ತಂತಿಯನ್ನು ಒಳಗೆ ತೂರಿಸಿ ಹೊರಗೆಳೆದು ಉಗುರಿನಿಂದ ಒತ್ತಿ ಕೂರಿಸುತ್ತ, ಎದುರಿನವಳ ಸೊಸೆಯ ವಿಷಯ ಮುಗಿಯುವುದರೊಳಗೆ ಇಡೀ ಸೆಟ್ಟಿನ ಸುರುಳಿ ಸುತ್ತಿಕೊಟ್ಟಳು. ಎಳೆಗಳು ಜಡೆಯ ಹಾಗೆ ಕೂತಿದ್ದವು.

ಮುಂದೆ 2016ರಲ್ಲಿ ಅದೇ ಬಿಟ್‌ಎಕ್ಸ್ ಸಿದ್ಧ ಬೋರ್ಡಾಗಿ ಮಾರಾಟಕ್ಕೆ ಬಂತು. ಅದರ ಸುರುಳಿಗಳನ್ನು ಹೈದರಾಬಾದಿನ ಹೆಣ್ಣುಮಕ್ಕಳ ಒಂದು ಗುಂಪು ಸುತ್ತುತ್ತದೆ ಅಂತ ತಾತ್ಯಾ ಓದಿ, ಬಹಳ ಅಭಿಮಾನದಿಂದ ಕಾಕುವಿಗೆ ಹೇಳಿದರು.

“ಪಗಾರ ಕೊಡ್ತಾರಂತೇನ?” ಅಂದಳು ಕಾಕು.

ತಾತ್ಯಾ ಮಾಳಿಗೆ ಹತ್ತಿದರು.

ತಾತ್ಯಾರ ಸೆಟ್ಟಿನ ಕೊನೆಯ ಹಂತಕ್ಕೆ ಐಆರ್‌ಎಫ್ 510 ಎಂಬ ಟ್ರಾನ್ಸಿಸ್ಟರು. ಬೇರೆ ಕೆಲಸಕ್ಕೆಂದು ಮಾಡಿದ ಅಗ್ಗದ ಸಾಮಾನನ್ನು ಹ್ಯಾಮುಗಳು ಇಲ್ಲಿ ಗಾಣಕ್ಕೆ ಕಟ್ಟಿದ್ದಾರೆ. ಬೆನ್ನಿಗೆ ಅಲ್ಯೂಮಿನಿಯಂ ಪಟ್ಟಿ ಕಟ್ಟದಿದ್ದರೆ ಹೊಗೆ. ಹೀಗೆ ಮೂರು ಹೋದವು. ಈಗ ಕಾಕು ಅಡಿಗೆಮನೆಯಿಂದಲೇ ವಾಸನೆ ಹಿಡಿದು ಹೇಳುತ್ತಾಳೆ: “ಇವತ್ತ ಸಣ್ಣದು ಸುಟ್ಟೈತಿ, ದೊಡ್ಡದಲ್ಲ.”

ಸೆಟ್ಟು ಮೊದಲ ಸಲ ಬಾಯಿ ಬಿಟ್ಟ ಸಂಜೆ ನಾನು ಅಲ್ಲೇ ಇದ್ದೆ. ಸುಯ್ ಸುಯ್ ಅಂತ ಸದ್ದು, ಅದರ ಹಿಂದೆ ಎಲ್ಲಿಂದಲೋ ಒಂದು ಗಂಡು ಧ್ವನಿ. ತಾತ್ಯಾ ಕೈ ಮೇಲೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. “ಪರದೇಶ,” ಅಂದರು ಪಿಸುಮಾತಿನಲ್ಲಿ. ಧ್ವನಿ ತುಸು ಸ್ಪಷ್ಟವಾಯಿತು. ಅರಿಸಿನದ ಬೆಳೆಗೆ ಯಾವಾಗ ಗೊಬ್ಬರ ಕೊಡಬೇಕೆಂದು ಮರಾಠಿಯಲ್ಲಿ ಹೇಳುತ್ತಿತ್ತು. ಸಾಂಗ್ಲಿ ಆಕಾಶವಾಣಿ, 1251 ಕಿಲೋಹರ್ಟ್ಸ್. ಹತ್ತಿರದ ದೊಡ್ಡ ಸ್ಟೇಷನ್ನು ಸಣ್ಣ ಸೆಟ್ಟಿನೊಳಗೆ ಕರೆಯದೆ ನುಗ್ಗುತ್ತದೆ, ಹೊಸಿಲಲ್ಲೇ ತಡೆಯಲು ಇನ್ನೊಂದು ಸುರುಳಿ ಬೇಕು. ಅಂದರೆ ಇನ್ನೊಂದು ವಾಯಸರು. ಈ ಸಲ ನಳ ಪಕ್ಕದ ಮನೆಯವರದು.

ಆಂಟೆನಾ ಹಾಕಿದ್ದು ನುಗ್ಗಿ ಗಿಡದಿಂದ ನೀರಿನ ಟಾಕಿಯವರೆಗೆ, ಅರವತ್ತಾರು ಅಡಿ ತಂತಿ. ನಲವತ್ತು ಮೀಟರಿನ ಅಲೆಗೆ ಅರ್ಧದ ಲೆಕ್ಕ. ಎದೆಮಟ್ಟಕ್ಕೆ ಜೋತುಬಿದ್ದ ಆ ತಂತಿಯನ್ನು ಕಂಡ ಯಾವ ಗೃಹಿಣಿಗೆ ಏನು ಅನ್ನಿಸಬೇಕೋ ಅದೇ ಕಾಕುವಿಗೂ ಅನ್ನಿಸಿತು. ಒಂಬತ್ತು ಗಜದ ಎರಡು ಒದ್ದೆ ಸೀರೆ ಹರವಿದಳು. ಮೇಲೆ ತಾತ್ಯಾ ಮೀಟರು ನೋಡಿ ಹೌಹಾರಿದರು. ಹೋದ ಶಕ್ತಿ ಎಲ್ಲ ತಿರುಗಿ ಬರುತ್ತಿದೆ! ಎರಡು ದಿನ ಸೆಟ್ಟು ಬಿಚ್ಚಿ ಕೂತರು. ಮೂರನೆಯ ದಿನ ಸೀರೆ ಒಣಗಿತು, ದೋಷ ತಾನಾಗಿಯೇ ಹೋಯಿತು. ತಾವೇ ಸರಿಮಾಡಿದ್ದು ಅಂತ ತಾತ್ಯಾ ಇವತ್ತಿಗೂ ನಂಬಿದ್ದಾರೆ. ನಾನೂ ಹೇಳಲು ಹೋಗಿಲ್ಲ.

ಇಷ್ಟೆಲ್ಲ ಮಾಡಿ ಮಾತಾಡುವುದೇನು? ಅದನ್ನು ಕೇಳಿ ನಾನು ದಂಗಾದೆ. “ನಿಮ್ಮ ಸಿಗ್ನಲ್ ಫೈವ್ ನೈನ್, ಬಹಳ ಸ್ಪಷ್ಟ. ಹೆಸರೂ ಊರೂ ಇನ್ನೊಮ್ಮೆ ಹೇಳಿ.” ಫೈವ್ ನೈನ್ ಅಂದರೆ ನೂರಕ್ಕೆ ನೂರು. ನೂರಕ್ಕೆ ನೂರು ಕೇಳಿಸಿದವನು ಹೆಸರನ್ನು ಇನ್ನೊಮ್ಮೆ ಯಾಕೆ ಕೇಳುತ್ತಾನೆ? ಅದು ಮರ್ಯಾದೆಯ ಮಾತು, ‘ಊಟ ಆತೇನ್ರಿ’ ಅಂದ ಹಾಗೆ. ಆಮೇಲೆ ಹವೆ ಹೇಗಿದೆ, ಆಂಟೆನಾ ಯಾವುದು, ಎಪ್ಪತ್ಮೂರು. ಎಪ್ಪತ್ಮೂರು ಅಂದರೆ ಶುಭಾಶಯ. ಮುಗಿಯಿತು.

ಊರಿನ ವ್ಯಾಪಾರಸ್ಥರು ಇದನ್ನು ಬಿಡುತ್ತಾರೆಯೇ? ಒಬ್ಬ ದಲಾಲಿ ಬಂದು, ತಮಿಳುನಾಡಿನ ಈರೋಡಿನಲ್ಲಿ ಅರಿಸಿನ ಇವತ್ತು ಹೇಗೆ ಹೋಯಿತೆಂದು ಕೇಳಿಕೊಡಿ ಅಂದ. ಇನ್ನೊಬ್ಬರು ಮುಂಬಯಿಯ ಎಲೆ ಪೇಟೆ ವಿಚಾರಿಸಿ ಅಂದರು. ತಾತ್ಯಾ ಕಪಾಟಿನಿಂದ 1978ರ ನಿಯಮಾವಳಿ ತೆಗೆದು ಓದಿ ತೋರಿಸಿದರು. ಧಂದೆಯ ಮಾತು ಆಡಕೂಡದು, ಮೂರನೆಯವರ ನಿರೋಪ ಹೇಳಕೂಡದು, ಹಾಡು ಹಾಕಕೂಡದು. ರೇಡಿಯೋ ಪ್ರಯೋಗದ ವಿಷಯ ಆಡಬಹುದು. ಸ್ವಂತದ ಮಾತೂ ಆಡಬಹುದು, ಆದರೆ ಅದು ಟಪಾಲು-ತಂತಿಯ ಖರ್ಚಿಗೆ ಯೋಗ್ಯವಲ್ಲದಷ್ಟು ಕ್ಷುಲ್ಲಕವಾಗಿರಬೇಕು. ನಿಜವಾಗಿಯೂ ಹಾಗೇ ಇದೆ. ಕ್ಷುಲ್ಲಕ ಮಾತಿಗೆ ಪರೀಕ್ಷೆ ಇಟ್ಟು, ಸರಕಾರವೇ ಲೈಸೆನ್ಸು ಕೊಡುವ ಬೇರೆ ಯಾವ ಕಸುಬೂ ನನ್ನ ನೆನಪಿಗೆ ಬರುವುದಿಲ್ಲ. ನಮ್ಮ ಕಟ್ಟೆಯ ಮೇಲೆ ಕೂಡುವವರು ಇಷ್ಟು ವರ್ಷ ಲೈಸೆನ್ಸಿಲ್ಲದೆ ನಡೆಸಿದ್ದಾರೆ.

ಯಾರಾದರೂ ತೀರಾ ನಕ್ಕರೆ ತಾತ್ಯಾರ ಬತ್ತಳಿಕೆಯಲ್ಲಿ ಒಂದು ಬಾಣವಿದೆ. 2004ರ ಡಿಸೆಂಬರಿನ ಸುನಾಮಿ. ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಪೋರ್ಟ್‌ಬ್ಲೇರಿನಿಂದ ಹಗಲೂ ರಾತ್ರಿ ಸುದ್ದಿ ಮುಟ್ಟಿಸಿದ್ದು. ಅದನ್ನು ಹೇಳುವಾಗ ತಾತ್ಯಾರ ದನಿ ತಗ್ಗುತ್ತದೆ. ಕಾಕುವೂ ಕೈಯ ಕೆಲಸ ನಿಲ್ಲಿಸುತ್ತಾಳೆ. ಆಮೇಲೆ ಕೇಳುತ್ತಾಳೆ: “ಆಕಿ ಮನ್ಯಾಗ ನಳ ಹನೀತಿತ್ತೇನ?”

ಊರೆಲ್ಲ ಮಳೆಗಾಗಿ ಮುಗಿಲು ನೋಡಿದರೆ ತಾತ್ಯಾ ಸೂರ್ಯನ ಕಲೆಗಾಗಿ ನೋಡುತ್ತಾರೆ. ಕಲೆ ಹೆಚ್ಚಿದಷ್ಟೂ ಮೇಲಿನ ವಾತಾವರಣ ಅಲೆಗಳನ್ನು ಚೆನ್ನಾಗಿ ಬಾಗಿಸಿ ದೂರಕ್ಕೆ ಕಳಿಸುತ್ತದೆ. ಹನ್ನೊಂದು ವರ್ಷಕ್ಕೊಮ್ಮೆ ಅದರ ಸುಗ್ಗಿ. 2024ರಲ್ಲಿ ಸೂರ್ಯನ ಮುಖ ಕಲೆಯಿಂದ ತುಂಬಿದಾಗ ತಾತ್ಯಾ ಪೇಢೆ ಹಂಚಿದರು. ಮೊಮ್ಮಗ ಹುಟ್ಟಿದ ಅಂತ ತಿಳಿದು ನಾಲ್ಕು ಮಂದಿ ಕುಂಚಿಗೆ ತಂದರು. ರಾತ್ರಿ ಹೊತ್ತು ಅವರ ಅಲೆ ಮುಗಿಲಿಗೆ ತಾಗಿ ಇಳಿಯುವುದು ನೂರಾರು ಕಿಲೋಮೀಟರಿನಾಚೆ, ನಡುವಿನ ಊರುಗಳೆಲ್ಲ ಅದರ ಹಾರಿಕೆಯ ಕೆಳಗೆ ಉಳಿಯುತ್ತವೆ. ಹಾಗಾಗಿ ತಾತ್ಯಾರಿಗೆ ಓಮಾನ ಸಿಗುತ್ತದೆ, ಕೊಲ್ಹಾಪುರ ಸಿಗುವುದಿಲ್ಲ. ಕೊಲ್ಹಾಪುರದಲ್ಲಿ ಮಗಳಿದ್ದಾಳೆ. ಅವಳಿಗೆ ಫೋನು ಮಾಡುವುದು ಕಾಕು.

ಒಂದು ಶ್ರಾವಣದಲ್ಲಿ ಎತ್ತರದ ಆಸೆಗೆ ದಂಡೋಬಾನ ಗುಡ್ಡ ಹತ್ತಿದರು. ಬ್ಯಾಟರಿ, ಡಬ್ಬಿ, ದಾರದ ತುದಿಗೆ ಕಲ್ಲು. ಕಲ್ಲನ್ನು ಗಿಡದ ಮೇಲೆ ಎಸೆದು ತಂತಿ ಎಳೆದು, ಕಿವಿಗೆ ಹೆಡ್‌ಫೋನು ಹಾಕಿ, ಮುಳ್ಳು ನೋಡುತ್ತ ಕೂತರು. ಕುರಿಯವನೊಬ್ಬ ಬಂದು ಬಹಳ ಹೊತ್ತು ನಿಂತು ನೋಡಿದ.

“ಎಷ್ಟು ಫೂಟಿಗೆ ಐತ್ರಿ?”

“ಏನು?”

“ನೀರು.”

ಇಲ್ಲ ಅಂದರೂ ಅವನು ನಂಬಲಿಲ್ಲ. ಎರಡು ದಿನಕ್ಕೆ ಕೆಳಗಿನ ಹಳ್ಳಿಗಳಿಂದ ಮೂವರು ರೈತರು ತೆಂಗಿನಕಾಯಿ ಹಿಡಿದು ಬಾಗಿಲಿಗೆ ಬಂದರು, ಬೋರು ಎಲ್ಲಿ ಹೊಡೆಸಬೇಕು ತೋರಿಸಿ ಅಂತ. ತಾತ್ಯಾ ಅವರನ್ನೂ ಕೂರಿಸಿ ಎರಡು ಗೀಟಿನ ಲೆಕ್ಕ ಹೇಳಿದರು. ಕಾಯಿ ಮಾತ್ರ ಕಾಕು ತೆಗೆದಿಟ್ಟುಕೊಂಡಳು.

ದೊಡ್ಡ ಲೈಸೆನ್ಸಿಗೆ ಮೋರ್ಸ್ ಬೇಕಿತ್ತು, ನಿಮಿಷಕ್ಕೆ ಎಂಟು ಪದ. ಅರವತ್ತರ ವಯಸ್ಸಿನಲ್ಲಿ ಕಲಿತರು. ಆ ಆರು ತಿಂಗಳು ಅವರ ಬೆರಳು ನಿಂತದ್ದನ್ನು ಕಂಡವರಿಲ್ಲ. ಬೇಡಗದ ಒಂದು ಮದುವೆಯಲ್ಲಿ ಊಟಕ್ಕೆ ಕೂತು ತಾಟಿನ ಅಂಚಿಗೆ ಬೆರಳಿನಿಂದ ಡಾ-ಡಿ-ಡಾ-ಡಿ, ಡಾ-ಡಾ-ಡಿ-ಡಾ ಬಾರಿಸಿದರು. ‘ಯಾರಾದರೂ ಇದ್ದೀರಾ’ ಅಂತ ಕರೆ. ಬಡಿಸುವ ಹುಡುಗ ಓಡಿಬಂದು ಹೋಳಿಗೆ ಹಾಕಿದ. ಮತ್ತೆ ಬಾರಿಸಿದರು, ಮತ್ತೆ ಹೋಳಿಗೆ. ಏಳು ಹೋಳಿಗೆಯವರೆಗೂ ಸಂಪರ್ಕ ಚಾಲ್ತಿಯಲ್ಲಿತ್ತು.

ಮೋರ್ಸ್ ಬಂದ ಮೇಲೆ ಊರಿನ ಹೆಸರಿನ ತಂಟೆ ಮುಗಿಯಿತು ಅಂದುಕೊಂಡಿದ್ದೆವು. ಬಾಯಿಮಾತಿನಲ್ಲಿ ಲ, ಲೇ ಕಲಸಬಹುದು. ಅಕ್ಷರ ಬಿಡಿಸಿ ಕುಟ್ಟಿದರೆ ಹೇಗೆ ತಪ್ಪೀತು? ಅಜ್ಜಿಯ ಹಳೆಯ ಪಾನಡಬ್ಬಿಯೊಳಗೆ ಮೋರ್ಸಿಗೆಂದೇ ಒಂದು ಪುಟ್ಟ ಸೆಟ್ಟು ಕೂರಿಸಿದರು; ಬಿಸಿಯಾದರೆ ಈಗಲೂ ಕಾಚಿನ ವಾಸನೆ ಬರುತ್ತದೆ. ಹೋದ ತಿಂಗಳು ಒಂದು ರಾತ್ರಿ ನಾನು ಪಕ್ಕದಲ್ಲಿ ಕೂತಿದ್ದೆ. ಎಂ, ಎ, ಎಲ್, ಜಿ ಅಂತ ತಾತ್ಯಾ ಒಂದೊಂದೇ ಅಕ್ಷರವನ್ನು ಕೆತ್ತಿದ ಹಾಗೆ ಕುಟ್ಟಿದರು. ಆ ಕಡೆಯವನು ತಿರುಗಿ ಕುಟ್ಟಿದ್ದನ್ನು ಪೆನ್ಸಿಲಿನಿಂದ ಬರೆದುಕೊಂಡರು. ಬರೆದದ್ದನ್ನು ನೋಡಿ ಪೆನ್ಸಿಲು ಕೆಳಗಿಟ್ಟರು. ಎಲ್ ಮುಗಿದ ಕೂಡಲೆ ಒಂದು ಇ.

ಮೋರ್ಸಿನಲ್ಲಿ ಇ ಅಂದರೆ ಒಂದೇ ಒಂದು ಚುಕ್ಕಿ. ಎಲ್ ಅಂದರೆ ಡಿ-ಡಾ-ಡಿ-ಡಿ. ಅದರ ಬಾಲಕ್ಕೆ ದೂರದ ಮಿಂಚಿನ ಒಂದು ಚಿಟಿಕೆ ಬಿದ್ದರೂ ಮುಗಿಯಿತು, ನಾವು ನಾಲ್ಕುನೂರು ಕಿಲೋಮೀಟರ್ ಆಚೆ ಹೋಗಿ ಬೀಳುತ್ತೇವೆ. “ಈ ಚುಕ್ಕಿ ಎಲ್ಲಿಂದ ಬರತೈತೋ ತಮ್ಮಾ?” ಅಂದರು ತಾತ್ಯಾ. ಮೊದಲ ಸಲ ಅವರ ಬಳಿ ವಿವರಣೆ ಇರಲಿಲ್ಲ.

ಕೆಳಗಿನಿಂದ ಕಾಕುವಿನ ದನಿ ಬಂತು. “ಹಿತ್ತಲದಾಗ ಕೇಳ್ರಿ.”

ಕೇಳಿದೆವು. ಟಪ್. ತುಸು ಹೊತ್ತು ಸುಮ್ಮನೆ. ಟಪ್.

ಇದು ಶಾಸ್ತ್ರಕ್ಕೆ ಕೂಡುವ ಮಾತಲ್ಲ. ನಳದ ಸದ್ದು ಮೋರ್ಸಿನ ತಂತಿಯೊಳಗೆ ಹೋಗುವುದಿಲ್ಲ ಅಂತ ತಾತ್ಯಾರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಎದ್ದರು. ಬ್ಯಾಟರಿ ಹಿಡಿದು ಹಿತ್ತಲಿಗೆ ಇಳಿದರು. ಹೊಸ ವಾಯಸರು ಹಾಕಲು ಹೊರಟರೆಂದು ನಾನೂ ಕಾಕುವೂ ಬಾಗಿಲಲ್ಲಿ ನಿಂತು ನೋಡಿದೆವು. ಆಂಟೆನಾಕ್ಕೆಂದು ತಂದ ನೈಲಾನ್ ದಾರದ ತುಂಡೊಂದನ್ನು ನಳದ ಬಾಯಿಗೆ ಕಟ್ಟಿ, ಹನಿ ಸಪ್ಪಳವಿಲ್ಲದೆ ದಾರ ಹಿಡಿದು ಬಕೆಟ್ಟಿಗೆ ಇಳಿಯುವಂತೆ ಮಾಡಿ, ಕೈ ಒರೆಸಿಕೊಳ್ಳುತ್ತ ಮತ್ತೆ ಮಾಳಿಗೆ ಹತ್ತಿದರು.