ಕ್ವಿಂಟಲ್‌ಗೆ ಎಷ್ಟು, ಸಾರ್?

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಬಿಟ್ಟು ಬೇರೆ ಗಿಡ ಬೆಳೆಸಲು ಎಂಟೆದೆ ಬೇಕು. ನನಗಿರುವುದು ಒಂದೇ, ಅದೂ ಸ್ವಲ್ಪ ವೀಕು. ಆದರೂ ಸೂಳೆಕೆರೆ ದಾರಿಯಲ್ಲಿ ಬಿದ್ದಿದ್ದ ಗುಲ್‌ಮೊಹರ್‌ನ ಮೊಳದುದ್ದದ ಕೋಡುಗಳನ್ನು ಕತ್ತಿಯಂತೆ ಹಿಡಿದು ಮನೆಗೆ ಬಂದೆ.

ಈ ಬೀಜದ ಸಿಪ್ಪೆ ಮಹಾ ಗಟ್ಟಿ. ಹಾಗೇ ಮಣ್ಣಿಗೆ ಹಾಕಿದರೆ ಮಿಸುಕುವುದೇ ಇಲ್ಲ. ತುದಿ ಉಜ್ಜಿ, ಬಿಸಿನೀರಲ್ಲಿ ರಾತ್ರಿಯಿಡೀ ನೆನೆಹಾಕಬೇಕು. ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ನನ್ನನ್ನು ನೋಡಿ ಪಕ್ಕದ ಮನೆಯ ಅಜ್ಜಿ, "ಯಾವ ದೇವರಿಗಪ್ಪಾ ಗಂಧ ತೇಯ್ತಿದೀಯ?" ಅಂದರು. ಬೆಳಿಗ್ಗೆ ನನ್ನಾಕೆ ಯಾವುದೋ ಕಾಳೆಂದುಕೊಂಡು ಕುಕ್ಕರಿಗೆ ಸುರಿಯುವಷ್ಟರಲ್ಲಿ ಓಡಿ ಕೈಹಿಡಿದೆ. ಮದುವೆಯ ನಂತರ ಅಷ್ಟು ಆತುರದಿಂದ ಕೈ ಹಿಡಿದದ್ದು ಅದೇ ಮೊದಲಂತೆ. ನೀರು ಕುಡಿದು ಉಬ್ಬಿದ ಬೀಜ ಮೊಳೆಯುತ್ತದೆ. ಉಬ್ಬದ್ದನ್ನು ಮತ್ತೆ ಉಜ್ಜಬೇಕು. ನನ್ನ ಹೆಬ್ಬೆರಳ ಚರ್ಮ ಮಾತ್ರ ಒಂದೇ ಸಲಕ್ಕೆ ತೆಳುವಾಯಿತು.

ಹಾಲಿನ ಪ್ಯಾಕೆಟ್ಟಿನಲ್ಲಿ ಹುಣಸೆ ಎಲೆಗಿಂತ ಸಣ್ಣ ಎಲೆ ಮೂಡಿದ್ದೇ ತಡ, ವಿಚಾರಣೆ ಶುರು.

"ಕ್ವಿಂಟಲ್‌ಗೆ ಎಷ್ಟು, ಸಾರ್?"

"ಇದು ನೋಡೋಕೆ. ಹೂ ಬಿಡೋಕೆ ಐದಾರು ವರ್ಷ ಆಗಬಹುದು. ಮಡಗಾಸ್ಕರ್ ಮರ!"

"ಅಷ್ಟು ದೂರದಿಂದ ಬಂದು ಏನೂ ಕೊಡಲ್ವಾ?"

ಬೇರು ಮೇಲೆಮೇಲೆಯೇ ಹರಡಿ ಕಾಂಪೌಂಡನ್ನು ಎತ್ತುತ್ತದೆ ಎಂಬ ಸಂಗತಿಯನ್ನು ಮನೆಯಲ್ಲಿ ಇನ್ನೂ ಬಾಯಿಬಿಟ್ಟಿಲ್ಲ. ಸದ್ಯಕ್ಕೆ ಸಸಿ ದಾನಕ್ಕೆ ನಿಂತಿದ್ದೇನೆ. ಕಾಂಪೌಂಡ್ ಇರುವ ನೆಂಟರು ನಮಗೆ ಬೇಕಾದಷ್ಟಿದ್ದಾರೆ.