ಗಾಳಿ ಕಾಲಿಗೆ ಹೋಗಬಾರ್ದು

ಯಕ್ಕಾ, ಒಂದೀಟು ಬೇಲಿ ಕಡಿ ಬರ್ರಿ. ನಮ್ಮ ಅಕ್ಕನ ಮಗ ಸ್ಕಾಟ್ಲೆಂಡಿಂದ ಫೋನ್ ಮಾಡಿದ್ದ. ಸಮುದ್ರದಾಗ ಮುಳುಗೋದು ಕಲ್ಯಾಕತ್ಯಾನಂತ, ಅದೂ ಒಳಗ ನೀರು ಬಿಡದ ಡ್ರೈಸೂಟ್ ಹಾಕ್ಕೊಂಡು.

ನಮ್ಮ ಮುರುಡೇಶ್ವರದ ಕಡಿ ನೇತ್ರಾಣಿಗೆ ಹೋದ್ರ ನೀರು ಬೆಚ್ಚಗಿರ್ತದ, ತೆಳು ವೆಟ್‌ಸೂಟ್ ಸಾಕು. ಅವ ಹೊಂಟಿದ್ದು ಆರ್ಕ್ನಿ ದ್ವೀಪಗಳ ನಡುವಿನ ಸ್ಕಾಪಾ ಫ್ಲೋ ಕೊಲ್ಲಿಗೆ. ಅಲ್ಲಿ ಬ್ಯಾಸಿಗ್ಯಾಗೂ ನೀರು 12–13 ಡಿಗ್ರಿ. ಅರಕೇರಾದ ಬಿಸಿಲಾಗ ಬೆಳೆದ ಮೈ ಅದು, ಹೆಂಗ ತಡದೀತು? ನೀರು ಗಾಳಿಗಿಂತ 25 ಪಟ್ಟು ಜೋರು ಮೈಕಾವು ಎಳಕೊಂಡು ಹೋಗ್ತದ. ಆದ್ರೂ ಯಾಕ ಹೊಂಟಾನಂದ್ರ, 1919ರ ಜೂನ್ 21ಕ್ಕ ಜರ್ಮನರು ತಮ್ಮ ಯುದ್ಧದ ಹಡಗು ವೈರಿ ಕೈಗೆ ಸಿಗಬಾರ್ದಂತ ತಾವೇ ಮುಳುಗಿಸಿದ್ದು ಅಲ್ಲೇ. ದೊಡ್ಡ 7 ಹಡಗು ಇನ್ನೂ ತಳದಾಗ ಅವ. ಅವನ್ನ ನೋಡ್ಬೇಕಂತ ಹುಡುಗನ ಆಸೆ.

"ಮೈ ತೊಯ್ಯಂಗಿಲ್ಲ ಅಂದ್ರ ಚಲೋ ಆತಲ್ಲ, ಕಲಿಯೋದೇನದ?" ಅಂತೀರಿ. ಅದ ನೋಡ್ರಿ ಯಕ್ಕಾ, ಅಲ್ಲೇ ಅದ ಕಷ್ಟ. ಕುತ್ತಿಗಿಗೆ, ಮುಂಗೈಗೆ ರಬ್ಬರ್ ಪಟ್ಟಿ ಬಿಗಿಯಾಗಿ ಕುಂತಿರ್ತಾವ, ಪೌಡರ್ ಹಚ್ಚಿ ಕೈ ತೂರಿಸ್ಬೇಕು. ಒಳಗ ದಪ್ಪನ ಅರಿವಿ, ಸುತ್ತ ಗಾಳಿ. ಬೆಚ್ಚಗ ಇಡೋದೂ ಆ ಗಾಳಿನೇ, ಕಾಡೋದೂ ಆ ಗಾಳಿನೇ. 10 ಮೀಟರ್ ಇಳಿದ್ರ ಅದು ಅರ್ಧಕ್ಕ ಕುಗ್ಗತದ, ಸೂಟಿನ ಮಡಿಕಿ ಮೈ ಚಿವುಟ್ತಾವ. ಆಗ ಎದಿ ಮ್ಯಾಲಿನ ಗುಂಡಿ ಒತ್ತಿ ಒಂದೀಟು ಗಾಳಿ ತುಂಬ್ಕೋಬೇಕು. ಮ್ಯಾಲ ಬರೋವಾಗ ಅದೇ ಗಾಳಿ ಹಿಗ್ಗತದ, ಎಡಗೈ ರಟ್ಟಿಯ ವಾಲ್ವಿನಿಂದ ಬಿಡ್ತಾ ಬರಬೇಕು. ಮರೆತ್ರ ಸರ್ರಂತ ಮ್ಯಾಲ ಎಳೀತದ, ಪುಪ್ಪಸಕ್ಕ ಭಾಳ ಅಪಾಯ.

ಇನ್ನೊಂದು ಕೇಳ್ರಿ. ಬಾವ್ಯಾಗ ಈಜು ಕಲಿಯೋ ಹುಡುಗರ ಬೆನ್ನಿಗೆ ಡಬ್ಬಿ ಕಟ್ತೀವಲ್ಲ, ಅದು ಜಾರಿ ಕಾಲ ಕಡಿ ಹೋದ್ರ ತಲಿ ಕೆಳಗಾಗಂಗಿಲ್ಲೇನು? ಇಲ್ಲೂ ಹಂಗ. ಗಾಳಿ ಬೂಟಿಗೆ ಹೋತಂದ್ರ ಕಾಲು ಮ್ಯಾಲ, ತಲಿ ಕೆಳಗ. ರಟ್ಟಿ ವಾಲ್ವು ಆಗ ತಳದಾಗ, ಗಾಳಿ ಹೊರಗ ಹೋಗಂಗಿಲ್ಲ. ಮೊಣಕಾಲು ಎದಿಗೆ ಎಳ್ಕೊಂಡು ಉಂಡಿ ಆಗಿ ಉರುಳಿ, ತಲಿ ಮ್ಯಾಲ ಮಾಡ್ಕೊಂಡು ತಟ್ಟನ ಗಾಳಿ ಬಿಡಬೇಕು. ಇದನ್ನ ಎದಿಮಟ ನೀರಾಗ, ಕಲಿಸೋರು ಬಾಜೂಕ ನಿಂತಿರುವಾಗ, ಮೈಗೆ ಹತ್ತೋತನಕ ಮಾಡ್ಬೇಕು.

ಆ ಹಡಗುಗಳೊಳಗ ಕೆಲವು 40 ಮೀಟರ್ ಆಳದಾಗ ಅವ. ಒತ್ತಡ ನೀರಿನ ಮ್ಯಾಲಿಗಿಂತ 5 ಪಟ್ಟು. ಅಲ್ಲಿ ಹೋಗಿ ಗುಂಡಿ ಹುಡುಕ್ಕೋಂತ ಕುಂದರಾಕ ಆಗಂಗಿಲ್ಲ. ಅವಸರ ಮಾಡಬ್ಯಾಡ ಅಂತ ನಾ ಹೇಳೀನಿ, ಹ್ಞೂಂ ಅಂದಾನ. ಆದ್ರೂ ರವಿವಾರ ಮತ್ತ ಫೋನ್ ಮಾಡ್ತಾನ, ನೀವೂ ಒಂದು ಮಾತು ಹೇಳ್ರಿ ಯಕ್ಕಾ. ನಿಮ್ಮ ಮಾತು ತೆಗೆದುಹಾಕಂಗಿಲ್ಲ ಅವ.